ಪ್ರೌಢಶಾಲೆಯಲ್ಲಿ ಮಾನವ ಹಕ್ಕು ಮತ್ತು ಎಲ್ಲರ ಒಳಗೊಳ್ಳುವಿಕೆ: ಕಾಸರಗೋಡಿನ ಕನ್ನಡ ಅಧ್ಯಾಪಕರು ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಲಸ್ಟರ್ ಸಭೆಗಳಲ್ಲಿ, ಮಾಯಿಪ್ಪಾಡಿ ಡಯಟ್‌ನ (ಜಿಲ್ಲಾ ಶಿಕ್ಷಣ ತರಬೇತಿ ಸಂಸ್ಥೆಯ) ತರಬೇತಿಗಳ ಬಿಡುವಿನಲ್ಲಿ, ರಕ್ಷಕ-ಶಿಕ್ಷಕ ಸಂಘದ ಸಭೆ ಮುಗಿದ ಮೇಲೆ ಶಾಲೆಯ ಜಗಲಿಯಲ್ಲಿ ನಿಂತು ಮಾತಾಡುವಾಗ ಅಧ್ಯಾಪಕರೂ ಹೆತ್ತವರೂ ಎತ್ತುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಲಾಗಿದೆ. ಕಾನೂನಿನ ಮಾತು ಬೇಕಾದಲ್ಲಿ ಕಾನೂನನ್ನು ಹೇಳಿದೆ. ಉಳಿದದ್ದು ಎಂಟರಿಂದ ಹತ್ತನೇ ತರಗತಿಯವರೆಗಿನ ಮಕ್ಕಳಿಗೆ ಕಲಿಸುವವರ ಅಭಿಪ್ರಾಯ, ಅದನ್ನು ಒಪ್ಪದಿರುವ ಸ್ವಾತಂತ್ರ್ಯ ಓದುಗರಿಗಿದೆ.

ಮಾನವ ಹಕ್ಕು ಸಮಾಜ ವಿಜ್ಞಾನದ ಪಾಠವಲ್ಲವೇ? ಗಣಿತವನ್ನೋ ಹಿಂದಿಯನ್ನೋ ಕಲಿಸುವವರಿಗೆ ಇದರಲ್ಲಿ ಏನು ಕೆಲಸ?

ಸಮಾಜ ವಿಜ್ಞಾನದ ಪುಸ್ತಕದಲ್ಲಿರುವುದು ಹಕ್ಕುಗಳ ಕುರಿತಾದ ಮಾಹಿತಿ. ವಿಶ್ವಸಂಸ್ಥೆಯ ಮಹಾಸಭೆ 2011ರ ಡಿಸೆಂಬರ್ 19ರಂದು ಅಂಗೀಕರಿಸಿದ ಮಾನವ ಹಕ್ಕುಗಳ ಶಿಕ್ಷಣದ ಘೋಷಣೆಯು ಇದನ್ನು ಮೂರು ಭಾಗಗಳಲ್ಲಿ ನೋಡುತ್ತದೆ: ಹಕ್ಕುಗಳ ಬಗ್ಗೆ ಕಲಿಸುವುದು, ಕಲಿಸುವವರ ಮತ್ತು ಕಲಿಯುವವರ ಹಕ್ಕನ್ನು ಗೌರವಿಸುವ ರೀತಿಯಲ್ಲೇ ಕಲಿಸುವುದು, ಹಕ್ಕನ್ನು ಬಳಸುವ ಮತ್ತು ಇತರರ ಹಕ್ಕನ್ನು ಎತ್ತಿಹಿಡಿಯುವ ಶಕ್ತಿ ಬರುವಂತೆ ಕಲಿಸುವುದು. ಎರಡನೆಯ ಭಾಗವು ಎಲ್ಲ ವಿಷಯಗಳ ಅಧ್ಯಾಪಕರಿಗೂ ಸೇರಿದ್ದು. ಉತ್ತರಪತ್ರಿಕೆ ಹಂಚುವಾಗ ಅತಿ ಕಡಿಮೆ ಅಂಕ ಪಡೆದವನ ಹೆಸರನ್ನು ಕೊನೆಗೆ, ಒಂದು ನಗೆಯೊಂದಿಗೆ ಕೂಗುವ ಗಣಿತದ ಅಧ್ಯಾಪಕರು ಸಂವಿಧಾನದ ಪಾಠ ಮಾಡದಿದ್ದರೂ ಘನತೆಯ ಕುರಿತು ಆ ದಿನ ಒಂದು ಪಾಠ ಮಾಡಿಯೇ ಇರುತ್ತಾರೆ.

ಹೈಸ್ಕೂಲು ಮಕ್ಕಳಿಗೆ ಯಾವ ಕಾನೂನು ಅನ್ವಯಿಸುತ್ತದೆ?

ಇಲ್ಲಿ ಒಂದು ತೊಡಕಿದೆ. ಶಿಕ್ಷಣದ ಹಕ್ಕು ಕಾನೂನು 2009ರಲ್ಲಿ ಬಂದು 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಅದರ ವ್ಯಾಪ್ತಿ 6ರಿಂದ 14 ವರ್ಷದ ಮಕ್ಕಳು, ಅಂದರೆ ಒಂದರಿಂದ ಎಂಟನೇ ತರಗತಿ. ಕೇರಳದಲ್ಲಿ ಹೈಸ್ಕೂಲು ಎಂಟರಿಂದ ಆರಂಭವಾಗುವುದರಿಂದ ಒಂದೇ ಕಟ್ಟಡದ ಎಂಟನೇ ತರಗತಿಯ ಮಗು ಆ ಕಾನೂನಿನ ಒಳಗಿದ್ದರೆ ಪಕ್ಕದ ಕೋಣೆಯ ಒಂಬತ್ತನೇ ತರಗತಿಯ ಮಗು ಹೊರಗಿದೆ. ಹಾಗೆಂದು ಒಂಬತ್ತನೆಯವನಿಗೆ ರಕ್ಷಣೆಯಿಲ್ಲ ಎಂದಲ್ಲ. ಸಂವಿಧಾನದ 14, 15, 17 ಮತ್ತು 21ನೇ ವಿಧಿಗಳು ವಯಸ್ಸು ಕೇಳುವುದಿಲ್ಲ. ಅಂಗವೈಕಲ್ಯವುಳ್ಳವರ ಹಕ್ಕುಗಳ 2016ರ ಕಾನೂನು, ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ, 2015ರ ಬಾಲನ್ಯಾಯ ಕಾನೂನು ಇವೆಲ್ಲ 18 ವರ್ಷದವರೆಗಿನ ಮಕ್ಕಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರ ಡಿಸೆಂಬರ್‌ನಲ್ಲಿ ಸೇರಿತು; ಅಲ್ಲಿಯೂ ಮಗು ಎಂದರೆ 18 ತುಂಬದವರೇ.

ಕನ್ನಡ ಮಾಧ್ಯಮದಲ್ಲಿ ಕಲಿಯುವುದು ನಮ್ಮ ಮಕ್ಕಳ ಹಕ್ಕೇ, ಸರಕಾರದ ಔದಾರ್ಯವೇ?

ಈ ನೆಲದಲ್ಲಿ ಅತಿ ಹೆಚ್ಚು ಕೇಳಿಬರುವ ಪ್ರಶ್ನೆ ಇದು, ಮತ್ತು ಅತಿ ಹೆಚ್ಚು ಅಸ್ಪಷ್ಟವಾಗಿ ಉತ್ತರಿಸಲಾಗುವ ಪ್ರಶ್ನೆಯೂ ಇದೇ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದಾಗಲೇ, ರಾಜ್ಯಗಳ ಮರುವಿಂಗಡಣೆಯಿಂದ ಗಡಿಗಳಲ್ಲಿ ಉಳಿದುಹೋಗುವ ಭಾಷಿಕರನ್ನು ಮನಸ್ಸಿನಲ್ಲಿಟ್ಟುಕೊಂಡು ಸಂವಿಧಾನದ ಏಳನೇ ತಿದ್ದುಪಡಿಯು 350ಎ ಮತ್ತು 350ಬಿ ವಿಧಿಗಳನ್ನು ಸೇರಿಸಿತು. ಮೊದಲನೆಯದು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಕರ್ಯವನ್ನು ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕೆನ್ನುತ್ತದೆ. ಎರಡನೆಯದು ಇಂಥ ರಕ್ಷಣೆಗಳ ಮೇಲೆ ಕಣ್ಣಿಡಲು ರಾಷ್ಟ್ರಪತಿಗಳು ನೇಮಿಸುವ ವಿಶೇಷಾಧಿಕಾರಿಯ ಕುರಿತದ್ದು. 350ಎ ವಿಧಿಯ ಮಾತು ಪ್ರಾಥಮಿಕ ಹಂತಕ್ಕೆ ನಿಲ್ಲುತ್ತದೆ ಎಂಬುದನ್ನು ವೇದಿಕೆಗಳಲ್ಲಿ ಯಾರೂ ಹೇಳುವುದಿಲ್ಲ, ಆದರೆ ಮಕ್ಕಳಿಗೆ ಹೇಳಬೇಕು. ಹೈಸ್ಕೂಲಿನ ಕನ್ನಡ ಮಾಧ್ಯಮಕ್ಕೆ ಆಧಾರವಾಗಿರುವುದು ಭಾಷೆ, ಲಿಪಿ, ಸಂಸ್ಕೃತಿಯನ್ನು ಉಳಿಸಿಕೊಳ್ಳುವ 29ನೇ ವಿಧಿ, ಅಲ್ಪಸಂಖ್ಯಾತರು ತಮ್ಮದೇ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ 30ನೇ ವಿಧಿ, ಎಂಟನೇ ತರಗತಿಯ ಮಟ್ಟಿಗೆ ಸಾಧ್ಯವಾದಷ್ಟೂ ಮಾತೃಭಾಷೆಯಲ್ಲೇ ಬೋಧನೆ ಎನ್ನುವ ಶಿಕ್ಷಣದ ಹಕ್ಕು ಕಾನೂನಿನ 29ನೇ ಸೆಕ್ಷನ್, ಜತೆಗೆ ದಶಕಗಳಿಂದ ನಡೆದುಬಂದಿರುವ ವ್ಯವಸ್ಥೆ ಮತ್ತು ಸರಕಾರದ ಆದೇಶಗಳು.

ಯಾವುದು ಮೂಲಭೂತ ಹಕ್ಕು, ಯಾವುದು ರಾಜ್ಯಕ್ಕೆ ಕೊಟ್ಟ ನಿರ್ದೇಶನ, ಯಾವುದು ಕೇವಲ ಆದೇಶ ಎಂದು ಬಿಡಿಸಿ ತೋರಿಸಿದರೆ ಮಕ್ಕಳ ಉತ್ಸಾಹ ಕುಗ್ಗುತ್ತದೆ ಎಂದು ಕೆಲವರಿಗೆ ಭಯ. 2017ರಲ್ಲಿ ಮಲಯಾಳವನ್ನು ಹತ್ತನೇ ತರಗತಿಯವರೆಗೆ ಕಡ್ಡಾಯವಾಗಿ ಕಲಿಸುವ ಕಾನೂನು ಬಂದು ಇಲ್ಲಿ ಪ್ರತಿಭಟನೆಗಳಾದಾಗ ನಮ್ಮ ಮಕ್ಕಳೇ ಮೆರವಣಿಗೆಗಳನ್ನು ನೋಡಿದ್ದಾರೆ, ಕೆಲವರು ನಡೆದಿದ್ದಾರೆ. ಘೋಷಣೆ ಕೂಗಿದ ಮಗುವಿಗೆ ಆ ಘೋಷಣೆಯ ಹಿಂದಿರುವ ವಿಧಿ ಯಾವುದೆಂದು ತಿಳಿದಿರಬೇಕೆಂದು ಬಯಸುವುದು ಅತಿಯಾಸೆಯಲ್ಲ. ಗಡಿ ವಿವಾದದ ಕುರಿತ ಮಹಾಜನ ಆಯೋಗದ ವರದಿ, ಕಾಸರಗೋಡನ್ನು ಕರ್ನಾಟಕಕ್ಕೆ ಸೇರಿಸಬೇಕೆಂಬ ವಿಲೀನದ ಬೇಡಿಕೆ ಇವು ಇತಿಹಾಸದ ಪಾಠಕ್ಕೆ ಸೇರಿದವು. ಗಡಿ ಎಲ್ಲಿರಬೇಕು ಎಂಬುದು ರಾಜಕೀಯ ಪ್ರಶ್ನೆ, ಗಡಿ ಎಲ್ಲಿದ್ದರೂ ಮಗುವಿಗೆ ಅರ್ಥವಾಗುವ ಪಾಠ ಸಿಗಬೇಕು ಎಂಬುದು ಹಕ್ಕಿನ ಪ್ರಶ್ನೆ. ಇವೆರಡನ್ನು ತರಗತಿಯಲ್ಲಿ ಬೇರೆಬೇರೆಯಾಗಿ ಇಡುವುದು ಒಳ್ಳೆಯದು.

ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಡಿವಿಷನ್‌ಗೆ ನೇಮಿಸಿದಾಗ ನಾವು ಮಕ್ಕಳಿಗೆ ಏನು ಹೇಳಬೇಕು?

ಅರ್ಥವಾಗದ ಭಾಷೆಯಲ್ಲಿ ಭೌತವಿಜ್ಞಾನವನ್ನೋ ಗಣಿತವನ್ನೋ ಕೇಳುತ್ತ ಕೂರುವುದು ಶಿಕ್ಷಣವಲ್ಲ. ಈ ಕುರಿತು ಮಕ್ಕಳು, ಹೆತ್ತವರು ಮುಖ್ಯೋಪಾಧ್ಯಾಯರಿಗೆ, ಜಿಲ್ಲಾ ಶಿಕ್ಷಣಾಧಿಕಾರಿಗೆ, ರಾಜ್ಯ ಬಾಲಹಕ್ಕು ಆಯೋಗಕ್ಕೆ ಬರವಣಿಗೆಯಲ್ಲಿ ದೂರು ಕೊಡುವುದು ನ್ಯಾಯವೇ. ಆದರೆ ಆ ಅಧ್ಯಾಪಕರು ನೇಮಕಾತಿಯ ಪಟ್ಟಿಯಲ್ಲಿ ಹೆಸರು ಬಂದದ್ದಕ್ಕೆ ತೆಂಕಣ ಜಿಲ್ಲೆಯಿಂದ ಬಸ್ಸು ಹತ್ತಿ ಬಂದವರು. ಅವರ ಉಚ್ಚಾರವನ್ನು ಅಣಕಿಸುವುದು, ಅವರು ತರಗತಿಗೆ ಬಂದಾಗ ಎದ್ದು ನಿಲ್ಲದಿರುವುದು ಹೋರಾಟದ ಭಾಗವಲ್ಲ. ಮಕ್ಕಳು ಇದನ್ನು ನಾವು ಎಣಿಸಿದ್ದಕ್ಕಿಂತ ಬೇಗ ಗ್ರಹಿಸುತ್ತಾರೆ. ಗ್ರಹಿಸದೆ ಉಳಿಯುವವರು ಹೆಚ್ಚಾಗಿ ಸ್ಟಾಫ್‌ರೂಮಿನಲ್ಲಿರುತ್ತಾರೆ.

ಎರಡು ಮಾಧ್ಯಮಗಳಿರುವ ಶಾಲೆಗಳಲ್ಲಿ ಇದಕ್ಕಿಂತ ಸಣ್ಣದಾದ, ದಿನನಿತ್ಯದ ಅನ್ಯಾಯಗಳೂ ಇವೆ. ಅಸೆಂಬ್ಲಿಯ ಪ್ರಕಟಣೆಗಳು ಮಲಯಾಳದಲ್ಲಿ ಮಾತ್ರ. ನೋಟೀಸು ಬೋರ್ಡಿನಲ್ಲಿ ಕನ್ನಡವಿಲ್ಲ. ಸಂಖ್ಯೆ ಕಡಿಮೆಯಾದ ಕನ್ನಡ ಡಿವಿಷನ್‌ಗೆ ಸ್ಮಾರ್ಟ್ ತರಗತಿಯ ಸರದಿ ಕೊನೆಗೆ. ಇವನ್ನು ಸರಿಪಡಿಸಲು ತಿರುವನಂತಪುರಕ್ಕೆ ಮನವಿ ಬೇಡ, ಶಾಲೆಯ ಸ್ಟಾಫ್ ಕೌನ್ಸಿಲ್ ಸಾಕು.

ಭಾಷಾ ಅಲ್ಪಸಂಖ್ಯಾತರಾದ ನಾವೇ ಅನ್ಯಾಯಕ್ಕೊಳಗಾದವರು. ಒಳಗೊಳ್ಳುವಿಕೆಯ ಪಾಠ ನಮಗೇಕೆ?

ಕನ್ನಡ ಡಿವಿಷನ್‌ನ ಹಾಜರಿ ಪುಸ್ತಕವನ್ನು ತೆರೆದು, ಈ ಮಕ್ಕಳು ಮನೆಯಲ್ಲಿ ಏನು ಮಾತಾಡುತ್ತಾರೆಂದು ಒಮ್ಮೆ ಕೇಳಿದರೆ ಉತ್ತರ ಸಿಗುತ್ತದೆ. ತುಳು, ಬ್ಯಾರಿ, ಕೊಂಕಣಿ, ಮರಾಟಿ, ಕರಾಡ, ಹವ್ಯಕ ಕನ್ನಡ, ಕೊರಗ ಭಾಷೆ, ಕೆಲವೆಡೆ ಉರ್ದು. ಪಠ್ಯಪುಸ್ತಕದ ಕನ್ನಡವು ಇವರಲ್ಲಿ ಹೆಚ್ಚಿನವರಿಗೆ ಶಾಲೆಯಲ್ಲಿ ಕಲಿತ ಭಾಷೆ. ಹತ್ತನೇ ತರಗತಿಯ ಬ್ಯಾರಿ ಹುಡುಗ ಹಕಾರ-ಅಕಾರ ಬದಲಿಸಿ ಓದಿದಾಗ, ತುಳು ಹುಡುಗಿ ತುಳುವಿನ ವಾಕ್ಯಕ್ಕೆ ಕನ್ನಡದ ಪದ ಜೋಡಿಸಿ ಬರೆದಾಗ ನಾವು ನಗುವುದಾದರೆ, ಮಲಯಾಳದ ಅಧಿಕಾರಿ ನಮ್ಮ ಅರ್ಜಿಯನ್ನು ನೋಡಿ ನಕ್ಕಾಗ ದೂರುವ ಅರ್ಹತೆಯನ್ನು ಕಳೆದುಕೊಳ್ಳುತ್ತೇವೆ. ರಾಜ್ಯದ ಮುಂದೆ ನಾವು ಯಾವ ಅಳತೆಗೋಲು ಹಿಡಿದು ನಿಲ್ಲುತ್ತೇವೆಯೋ ಅದೇ ಅಳತೆಗೋಲನ್ನು ನಮ್ಮ ತರಗತಿಯ ಹಿಂದಿನ ಬೆಂಚಿಗೂ ಹಿಡಿಯಬೇಕು ಎಂಬುದು ಈ ಇಡೀ ಪುಟದ ವಾದ. ಮುಂದಿನ ಉತ್ತರಗಳೆಲ್ಲ ಅದರ ವಿವರಗಳು.

ಕೊರಗ ಮತ್ತು ಇತರ ಪರಿಶಿಷ್ಟ ಸಮುದಾಯಗಳ ಮಕ್ಕಳ ವಿಷಯದಲ್ಲಿ ನಾವು ಮುಖ್ಯವಾಗಿ ಎಲ್ಲಿ ಎಡವುತ್ತೇವೆ?

ಕೊರಗರು ಕೇಂದ್ರ ಸರಕಾರದ ಪಟ್ಟಿಯಲ್ಲಿ ವಿಶೇಷವಾಗಿ ದುರ್ಬಲರಾದ ಬುಡಕಟ್ಟುಗಳಲ್ಲಿ ಒಬ್ಬರು. ಕೇರಳದಲ್ಲಿ ಅವರ ನೆಲೆ ಇರುವುದು ನಮ್ಮ ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳಲ್ಲಿ. ಅವರನ್ನು ಅವಮಾನಿಸುವ ಅಜಲು ಪದ್ಧತಿಯನ್ನು ನಿಷೇಧಿಸುವ ಪ್ರತ್ಯೇಕ ಕಾನೂನನ್ನು ಪಕ್ಕದ ಕರ್ನಾಟಕ ಮಾಡಿದ್ದು 2000ದಲ್ಲಿ, ಅಂದರೆ ನಮ್ಮ ಈಗಿನ ಅಧ್ಯಾಪಕರಲ್ಲಿ ಅನೇಕರು ಶಾಲೆಯಲ್ಲಿ ಓದುತ್ತಿದ್ದ ಕಾಲದಲ್ಲಿ. ಇದು ಮುತ್ತಜ್ಜನ ಕಾಲದ ಕತೆಯಲ್ಲ ಎಂಬುದಕ್ಕಾಗಿ ಈ ಮಾತು.

ಬಹಿರಂಗ ಅಸ್ಪೃಶ್ಯತೆಯನ್ನು ಇಂದು ಯಾವ ಅಧ್ಯಾಪಕರೂ ಆಚರಿಸುವುದಿಲ್ಲ ಎಂದೇ ಇಟ್ಟುಕೊಳ್ಳೋಣ. ಎಡವುವುದು ಕಚೇರಿಯ ಕೆಲಸದಲ್ಲಿ. ಪರಿಶಿಷ್ಟ ಮಕ್ಕಳ ಸಹಾಯಧನವಾದ ಲಂಪ್‌ಸಮ್ ಗ್ರಾಂಟ್ ಬಂದಾಗ, ಅಂಥ ಸಹಾಯಧನದ ಆನ್‌ಲೈನ್ ವ್ಯವಸ್ಥೆಯಾದ ಇ-ಗ್ರಾಂಟ್ಸ್‌ಗೆ ದಾಖಲೆ ಬೇಕಾದಾಗ ತರಗತಿಯ ಬಾಗಿಲಲ್ಲಿ ನಿಂತು ಪಟ್ಟಿ ಓದಿ, ‘ಹೆಸರು ಕರೆದವರು ಏಳಿ’ ಎನ್ನುತ್ತೇವೆ. ನಲವತ್ತು ಮಕ್ಕಳ ಮುಂದೆ ಎದ್ದು ನಿಂತ ಆ ಮೂವರ ಜಾತಿ ಯಾವುದೆಂದು ಉಳಿದವರಿಗೆ ಅಂದಿನಿಂದ ಗೊತ್ತು. ಪಟ್ಟಿಯನ್ನು ಕ್ಲಾಸ್ ಟೀಚರ್ ಇಟ್ಟುಕೊಂಡು ಒಬ್ಬೊಬ್ಬರನ್ನೇ ಬೇರೆ ನೆಪದಲ್ಲಿ ಕರೆದು ಸಹಿ ಹಾಕಿಸಿಕೊಂಡರೆ ಐದು ನಿಮಿಷ ಹೆಚ್ಚು ಬೇಕಾಗುತ್ತದೆ, ಅಷ್ಟೆ. ವಾಸಸ್ಥಳದ ಹೆಸರಿನಿಂದ ಮಕ್ಕಳನ್ನು ಗುರುತಿಸುವ ಅಭ್ಯಾಸವೂ ಹೀಗೆಯೇ: ಪರಿಶಿಷ್ಟರ ವಾಸಸ್ಥಳಗಳಿಗೆ ಕಾಲನಿ ಎಂಬ ಹೆಸರು ಬೇಡ, ನಗರ, ಉನ್ನತಿ, ಪ್ರಕೃತಿಯಂಥ ಹೆಸರುಗಳಿರಲಿ ಎಂದು ಕೇರಳ ಸರಕಾರ 2024ರ ಜೂನ್‌ನಲ್ಲಿ ಆದೇಶ ಹೊರಡಿಸಿದರೂ ‘ಕಾಲನಿ ಮಕ್ಕಳು’ ಎಂಬ ಮಾತು ಸ್ಟಾಫ್‌ರೂಮಿನಿಂದ ಇನ್ನೂ ಹೋಗಿಲ್ಲ.

ಸಂತೋಷದ ಸಂಗತಿಯೂ ಇದೆ. 2025ರ ಜನವರಿಯಲ್ಲಿ ತಿರುವನಂತಪುರದಲ್ಲಿ ನಡೆದ ರಾಜ್ಯ ಶಾಲಾ ಕಲೋತ್ಸವದಲ್ಲಿ ಮೊದಲ ಬಾರಿಗೆ ಬುಡಕಟ್ಟು ಕಲೆಗಳು ಸ್ಪರ್ಧೆಯ ಪಟ್ಟಿ ಸೇರಿದವು. ಅವುಗಳಲ್ಲಿ ಮಂಗಲಂಕಳಿ ನಮ್ಮ ಜಿಲ್ಲೆಯ ಮಾವಿಲ, ಮಲವೇಟುವ ಸಮುದಾಯಗಳದ್ದು. ಆ ಕಲೆಯನ್ನು ಕಲಿಸಲು ಶಾಲೆಗೆ ಬರಬೇಕಾದವರು ಆ ಮಕ್ಕಳ ಅಜ್ಜ-ಅಜ್ಜಿಯರೇ ಎಂಬುದನ್ನು ಮರೆತು ಪಟ್ಟಣದ ನೃತ್ಯಗುರುಗಳನ್ನು ಹುಡುಕಿದರೆ ಮಾತ್ರ ಗುರಿ ತಪ್ಪುತ್ತದೆ.

ಅಂಗವೈಕಲ್ಯವಿರುವ ಮಗುವನ್ನು ತರಗತಿಗೆ ಸೇರಿಸಿಕೊಂಡರೆ ಒಳಗೊಂಡಂತೆ ಆಯಿತಲ್ಲವೇ?

ಇಲ್ಲ. 2017ರ ಏಪ್ರಿಲ್ 19ರಿಂದ ಜಾರಿಯಲ್ಲಿರುವ 2016ರ ಕಾನೂನಿನಂತೆ, ಅಂಗವೈಕಲ್ಯವಿರುವವರೂ ಇಲ್ಲದವರೂ ಒಟ್ಟಿಗೆ ಕಲಿಯಬೇಕು, ಮತ್ತು ಕಲಿಸುವ ಕ್ರಮವು ಅವರ ಅಗತ್ಯಕ್ಕೆ ತಕ್ಕಂತೆ ಬದಲಾಗಬೇಕು. ಮಗುವೇ ಶಾಲೆಗೆ ಹೊಂದಿಕೊಳ್ಳಲಿ ಎಂದು ಕಾಯುವುದು ಕಾನೂನಿನ ಆಶಯಕ್ಕೆ ವಿರುದ್ಧ. ಆ ಕಾನೂನು ಗುರುತಿಸುವ 21 ಬಗೆಯ ಅಂಗವೈಕಲ್ಯಗಳಲ್ಲಿ ಕಲಿಕಾ ನ್ಯೂನತೆ, ಆಟಿಸಂ, ಬೌದ್ಧಿಕ ಅಂಗವೈಕಲ್ಯ ಸೇರಿವೆ. 40 ಶೇಕಡಾ ಅಥವಾ ಹೆಚ್ಚಿನ ಅಂಗವೈಕಲ್ಯವಿರುವ ಮಗುವಿಗೆ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಮುಂತಾದವನ್ನು 17ನೇ ಸೆಕ್ಷನ್ ಹೆಸರಿಸಿಯೇ ಹೇಳಿದೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಸಮೀಪಿಸಿದಾಗ ವೈದ್ಯಕೀಯ ಪ್ರಮಾಣಪತ್ರಕ್ಕಾಗಿ ಓಡುವ ಬದಲು ಎಂಟನೇ ತರಗತಿಯಲ್ಲೇ ಬಿ.ಆರ್.ಸಿ.ಯ (ಬ್ಲಾಕ್ ಸಂಪನ್ಮೂಲ ಕೇಂದ್ರದ) ವಿಶೇಷ ಅಧ್ಯಾಪಕರೊಂದಿಗೆ ಕೂತು ಯೋಜನೆ ಮಾಡುವುದು ಉತ್ತಮ.

ಸಲಹೆಗಳು ದೊಡ್ಡವಾಗಿರಬೇಕೆಂದಿಲ್ಲ. ಗಾಲಿಕುರ್ಚಿಯ ಮಗುವಿರುವ ತರಗತಿಯನ್ನು ಮೇಲಿನ ಮಹಡಿಯಿಂದ ಕೆಳಕ್ಕೆ ತರುವುದು, ಶ್ರವಣದೋಷವಿರುವ ಮಗುವಿಗೆ ಬೆನ್ನು ಹಾಕಿ ಕರಿಹಲಗೆಯೊಂದಿಗೆ ಮಾತಾಡದಿರುವುದು, ಪಿ.ಟಿ. ಪೀರಿಯಡ್‌ನಲ್ಲಿ ಅವನನ್ನು ಚೀಲ ಕಾಯಲು ಕೂರಿಸದಿರುವುದು. 2024ರ ನವೆಂಬರ್‌ನಲ್ಲಿ ಕೊಚ್ಚಿಯಲ್ಲಿ ನಡೆದ ರಾಜ್ಯ ಶಾಲಾ ಕ್ರೀಡಾಕೂಟದಲ್ಲಿ ವಿಶೇಷ ಅಗತ್ಯದ ಮಕ್ಕಳೂ ಮುಖ್ಯ ಕೂಟದ ಭಾಗವಾಗಿ ಸ್ಪರ್ಧಿಸಿದರು. ನಮ್ಮ ಶಾಲಾ ಮಟ್ಟದ ಕ್ರೀಡಾದಿನ ಅಷ್ಟರಮಟ್ಟಿಗಾದರೂ ಹೋಗಬಹುದು.

ಎಂಡೋಸಲ್ಫಾನ್ ವಿಷಯವನ್ನು ತರಗತಿಯಲ್ಲಿ ತರಬಹುದೇ? ಸಂತ್ರಸ್ತ ಮನೆಗಳ ಮಕ್ಕಳು ಅಲ್ಲೇ ಕೂತಿರುತ್ತಾರೆ.

ತರಲೇಬೇಕು, ಆದರೆ ಹೇಗೆ ಎಂಬುದೇ ಇಲ್ಲಿ ಎಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್‌ನ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಲಾಯಿತು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರು ಸೇರಿ 11 ಪಂಚಾಯತುಗಳನ್ನು ಬಾಧಿತ ಪ್ರದೇಶಗಳೆಂದು ಗುರುತಿಸಲಾಯಿತು. ರಾಷ್ಟ್ರೀಯ ಮಾನವ ಹಕ್ಕು ಆಯೋಗ 2010ರ ಕೊನೆಯ ದಿನ ಪರಿಹಾರಕ್ಕೆ ಶಿಫಾರಸು ಮಾಡಿತು, 2011ರಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಆ ಕೀಟನಾಶಕದ ತಯಾರಿ ಮತ್ತು ಮಾರಾಟವನ್ನು ತಡೆಯಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿತು. ಒಂದು ಹಕ್ಕು ಹೇಗೆ ಉಲ್ಲಂಘನೆಯಾಗುತ್ತದೆ, ಯಾರು ಮೊದಲು ಕೇಳುತ್ತಾರೆ, ಆಯೋಗದ ಶಿಫಾರಸಿಗೂ ಕೋರ್ಟಿನ ಆದೇಶಕ್ಕೂ ವ್ಯತ್ಯಾಸವೇನು, ಆದೇಶದ ನಂತರವೂ ಜನ ಏಕೆ ಬೀದಿಯಲ್ಲಿ ಕೂರಬೇಕಾಗುತ್ತದೆ ಎಂದು ತಿಳಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಸಿಗದು.

ತರಬಾರದ್ದು ಫೋಟೋಗಳನ್ನು. ವಿರೂಪಗೊಂಡ ಮಕ್ಕಳ ಚಿತ್ರಗಳು ಎಷ್ಟೋ ಪ್ರದರ್ಶನಗಳಲ್ಲಿ, ಪೋಸ್ಟರುಗಳಲ್ಲಿ ತಿರುಗಿವೆ. ಹೋರಾಟಕ್ಕೆ ಅವು ಒಂದು ಕಾಲದಲ್ಲಿ ಬೇಕಾಗಿದ್ದಿರಬಹುದು. ಆದರೆ ಆ ಚಿತ್ರದಲ್ಲಿರುವವಳು ಮೂರನೇ ಬೆಂಚಿನ ಹುಡುಗನ ಅಕ್ಕನಾಗಿರಬಹುದಾದ ಊರಿನಲ್ಲಿ ಅದನ್ನು ಪ್ರಾಜೆಕ್ಟರಿನಲ್ಲಿ ತೋರಿಸುವುದು ಪಾಠವಲ್ಲ. ಅಂತಹ ಮನೆಯ ಮಗುವನ್ನು ‘ನೀನು ಹೇಳು’ ಎಂದು ಎಬ್ಬಿಸುವುದೂ ಬೇಡ. ಹೇಳಬೇಕೆನಿಸಿದರೆ ಅವನೇ ಹೇಳುತ್ತಾನೆ. ಬೌದ್ಧಿಕ ಅಂಗವೈಕಲ್ಯವಿರುವ ಮಕ್ಕಳ ವಿಶೇಷ ಶಾಲೆಯಾದ ಬಡ್ಸ್ ಶಾಲೆಗೆ ಮಕ್ಕಳನ್ನು ಕರೆದೊಯ್ಯುವುದಾದರೆ ನೋಡಿ ಬರಲು ಹೋಗಬಾರದು, ಒಟ್ಟಿಗೆ ಏನಾದರೂ ಮಾಡಲು ಹೋಗಬೇಕು.

ಹೆಣ್ಣುಮಕ್ಕಳ ವಿಷಯ?

ಹಾಜರಾತಿಯಲ್ಲಿ, ಅಂಕಗಳಲ್ಲಿ ಅವರು ಹಿಂದಿಲ್ಲ, ಆದ್ದರಿಂದ ಸಮಸ್ಯೆಯೇ ಇಲ್ಲವೆಂದು ಭಾವಿಸುತ್ತೇವೆ. ತರಗತಿ ಗುಡಿಸುವವರು, ಅತಿಥಿಗಳಿಗೆ ಹೂ ಕೊಡಲು ನಿಲ್ಲುವವರು, ಅಸೆಂಬ್ಲಿಯಲ್ಲಿ ಪ್ರಾರ್ಥನೆ ಹಾಡುವವರು ಯಾರು, ಮೈಕ್ ಹಿಡಿದು ಆದೇಶ ಕೊಡುವವರು, ಮೈದಾನ ಬಳಸುವವರು ಯಾರು ಎಂದು ಒಂದು ವಾರ ಗಮನಿಸಿದರೆ ಸಾಕು. ಲಿಂಗತ್ವ ಅಲ್ಪಸಂಖ್ಯಾತ ಮಕ್ಕಳ ಕುರಿತು ಅಧ್ಯಾಪಕರಲ್ಲಿ ಮುಜುಗರವಿದೆ. ತೃತೀಯ ಲಿಂಗವನ್ನು ಮಾನ್ಯ ಮಾಡಿದ 2014ರ ಸುಪ್ರೀಂ ಕೋರ್ಟಿನ ನಾಲ್ಸಾ ತೀರ್ಪು ಮತ್ತು ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ 2019ರ ಕಾನೂನು ಶಾಲೆಯಲ್ಲಿ ತಾರತಮ್ಯ ಮಾಡುವಂತಿಲ್ಲ ಎಂದಿರುವುದರಿಂದ ಮುಜುಗರ ನಮ್ಮ ಖಾಸಗಿ ವಿಷಯ, ನಡವಳಿಕೆ ಹಾಗಲ್ಲ.

ಒಂದು ಮಗು ತನ್ನ ಧರ್ಮದ ಕಾರಣಕ್ಕೆ ಶಾಲೆಯ ಒಂದು ಆಚರಣೆಯಲ್ಲಿ ಭಾಗವಹಿಸುವುದಿಲ್ಲ ಎಂದರೆ?

ಕೇರಳದ್ದೇ ಒಂದು ಪ್ರಕರಣವಿದೆ. 1985ರಲ್ಲಿ ಕೋಟ್ಟಯಂ ಕಡೆಯ ಒಂದು ಶಾಲೆಯಲ್ಲಿ ಯೆಹೋವನ ಸಾಕ್ಷಿಗಳ ಪಂಗಡಕ್ಕೆ ಸೇರಿದ ಮೂವರು ಒಡಹುಟ್ಟಿದ ಮಕ್ಕಳು ರಾಷ್ಟ್ರಗೀತೆಯ ಸಮಯದಲ್ಲಿ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ಅದಕ್ಕಾಗಿ ಅವರನ್ನು ಶಾಲೆಯಿಂದ ಹೊರಹಾಕಲಾಯಿತು. ಬಿಜೋ ಇಮ್ಯಾನುಯೆಲ್ ಪ್ರಕರಣವೆಂದು ಹೆಸರಾದ ಈ ಮೊಕದ್ದಮೆಯಲ್ಲಿ 1986ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು, ಎದ್ದು ನಿಂತವರು ಅಗೌರವ ತೋರಿಸಿಲ್ಲ, ಹೊರಹಾಕಿದ್ದು ಅವರ ಅಭಿವ್ಯಕ್ತಿ ಮತ್ತು ಆತ್ಮಸಾಕ್ಷಿಯ ಸ್ವಾತಂತ್ರ್ಯದ ಉಲ್ಲಂಘನೆ ಎಂದು ತೀರ್ಪಿತ್ತು, ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳಲು ಹೇಳಿತು. ಒಂಬತ್ತನೇ ತರಗತಿಯಲ್ಲಿ ಇದನ್ನು ಚರ್ಚೆಗಿಟ್ಟು ನೋಡಿ: ತೀರ್ಪನ್ನು ಮೊದಲೇ ಹೇಳದೆ ಮಕ್ಕಳನ್ನೇ ನ್ಯಾಯಾಧೀಶರನ್ನಾಗಿ ಮಾಡಿದರೆ ಬಹುಮತವು ಹೆಚ್ಚಾಗಿ ಶಾಲೆಯ ಕಡೆಗಿರುತ್ತದೆ, ಮತ್ತು ಬಹುಮತ ಏಕೆ ಸಾಲದು ಎಂಬ ನಿಜವಾದ ಪಾಠ ಅಲ್ಲಿಂದ ಶುರುವಾಗುತ್ತದೆ.

ಇದೆಲ್ಲ ಪಶ್ಚಿಮದ ವಿಚಾರವೆಂದು ಕೆಲವು ಹೆತ್ತವರು ಹೇಳುತ್ತಾರೆ.

ಅವರಿಗೆ ಕುದ್ಮುಲ್ ರಂಗರಾಯರ ಹೆಸರು ಹೇಳಿ. ಅವರು ಹುಟ್ಟಿದ್ದು 1859ರಲ್ಲಿ, ಇದೇ ಕಾಸರಗೋಡಿನಲ್ಲಿ, ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ. ಮಂಗಳೂರಿನಲ್ಲಿ ವಕೀಲರಾಗಿದ್ದುಕೊಂಡು 1892ರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು, ಸ್ವಂತ ಸಮುದಾಯದ ಬಹಿಷ್ಕಾರವನ್ನು ಎದುರಿಸಿದರು. ಮಾನವ ಹಕ್ಕುಗಳ ವಿಶ್ವ ಘೋಷಣೆ ಬರುವಾಗ ರಂಗರಾಯರು ತೀರಿಕೊಂಡು ಇಪ್ಪತ್ತು ವರ್ಷಗಳಾಗಿದ್ದವು.

ಹಕ್ಕು ಕಲಿಸಿದರೆ ಶಿಸ್ತು ಹೋಗುತ್ತದೆ, ಮಕ್ಕಳು ನಮ್ಮ ಮೇಲೆಯೇ ದೂರು ಕೊಡುತ್ತಾರೆ ಎಂಬ ಹೆದರಿಕೆಗೆ ಏನು ಉತ್ತರ?

ದೂರು ಕೊಡಬಹುದು. ಶಿಕ್ಷಣದ ಹಕ್ಕು ಕಾನೂನಿನ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜತೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಬೆತ್ತ ಬಿಟ್ಟು ನಾಲಗೆ ಹಿಡಿದವರಿಗೂ ಅದು ಅನ್ವಯ. ಆದರೆ ಹಕ್ಕು ತಿಳಿದ ಮಗುವಿಗಿಂತ ಅನ್ಯಾಯವನ್ನು ನುಂಗಿಕೊಂಡ ಮಗುವೇ ತರಗತಿಯಲ್ಲಿ ಹೆಚ್ಚು ಸಿಡುಕುತ್ತದೆ ಎಂಬುದು ವರ್ಷಗಳಿಂದ ಕಲಿಸಿದವರೆಲ್ಲ ಬಲ್ಲ ವಿಷಯ. ನಿಯಮಗಳನ್ನು ಜೂನ್‌ನಲ್ಲಿ ಮಕ್ಕಳೊಂದಿಗೇ ಕೂತು ಬರೆದು, ಅಧ್ಯಾಪಕರಿಗೂ ಅನ್ವಯಿಸುವ ಒಂದೆರಡು ನಿಯಮಗಳನ್ನು ಸೇರಿಸಿಕೊಂಡರೆ ಶಿಸ್ತಿಗೆ ಮಕ್ಕಳೇ ಕಾವಲಾಗುತ್ತಾರೆ. ಕರ್ತವ್ಯದ ಮಾತಾಡುವವರು ಮೂಲಭೂತ ಕರ್ತವ್ಯಗಳನ್ನು ಹೇಳುವ ಸಂವಿಧಾನದ 51ಎ ವಿಧಿಯನ್ನು ಪೂರ್ತಿ ಓದಲಿ: ಧರ್ಮ, ಭಾಷೆ, ಪ್ರದೇಶಗಳ ಭೇದ ಮೀರಿ ಸಾಮರಸ್ಯ ಬೆಳೆಸುವುದೂ ಅಲ್ಲಿ ಕರ್ತವ್ಯವೇ.

ರ್‍ಯಾಗಿಂಗ್ ಕಾಲೇಜಿನ ಸಮಸ್ಯೆಯಲ್ಲವೇ?

ಹಯರ್ ಸೆಕೆಂಡರಿ ಇರುವ ಶಾಲೆಗಳಲ್ಲಿ ಅಲ್ಲ. ಕೇರಳದ 1998ರ ರ್‍ಯಾಗಿಂಗ್ ನಿಷೇಧ ಕಾನೂನು ಶಾಲೆಗಳಿಗೂ ಅನ್ವಯಿಸುತ್ತದೆ, ದೂರು ಬಂದರೆ ಸಂಸ್ಥೆಯ ಮುಖ್ಯಸ್ಥರು 7 ದಿನಗಳೊಳಗೆ ವಿಚಾರಿಸಬೇಕು. ಒಳಗೊಳಗೆ ರಾಜಿ ಮಾಡಿಸಿ ಮುಗಿಸುವುದು ಅವರ ಅಧಿಕಾರದಲ್ಲಿಲ್ಲ.

ಒಬ್ಬ ವಿದ್ಯಾರ್ಥಿನಿ ತನ್ನ ಮೇಲಾದ ಲೈಂಗಿಕ ಕಿರುಕುಳವನ್ನು ನನಗೆ ಹೇಳಿ, ಯಾರಿಗೂ ಹೇಳಬೇಡಿ ಎಂದರೆ?

ಆ ಮಾತನ್ನು ಕೊಡಬೇಡಿ. ಪೋಕ್ಸೊ ಕಾನೂನಿನ 19ನೇ ಸೆಕ್ಷನ್ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು, ತಿಳಿಸದಿರುವುದು ಶಿಕ್ಷಾರ್ಹ. ತನಿಖೆ ನಿಮ್ಮ ಕೆಲಸವಲ್ಲ, ಆದ್ದರಿಂದ ಮತ್ತೆ ಮತ್ತೆ ಕೇಳಿ ಹೇಳಿಸಬೇಡಿ. ಮಗುವಿನ ಗುರುತು ಹೊರಗೆ ಹೋಗದಂತೆ ನೋಡಿಕೊಳ್ಳಿ. ‘ನಿನಗೆ ಸಹಾಯ ಮಾಡಬಲ್ಲವರಿಗೆ ಮಾತ್ರ ಹೇಳುತ್ತೇನೆ’ ಎಂಬುದು ಅವಳಿಗೆ ಕೊಡಬಹುದಾದ ಪ್ರಾಮಾಣಿಕ ಮಾತು. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ಅದು ಗೋಡೆಯ ಮೇಲೆ ಮಲಯಾಳದಲ್ಲಿ ಮಾತ್ರ ಇದ್ದರೆ ಕನ್ನಡದಲ್ಲೂ ಬರೆಯಿಸಿ.

ಪಾಠ ಮುಗಿಸಲೇ ಸಮಯವಿಲ್ಲ. ಎಲ್ಲಿಂದ ಆರಂಭಿಸುವುದು?

ಈಗಾಗಲೇ ಇರುವ ಪೀರಿಯಡ್‌ನಿಂದ. ಪತ್ರಲೇಖನ ಹೇಗೂ ಕಲಿಸಲೇಬೇಕು. ಕಾಲ್ಪನಿಕ ಗೆಳೆಯನಿಗೆ ಬರೆಯಿಸುವ ಬದಲು ವಿಲ್ಲೇಜ್ ಆಫೀಸಿಗೆ, ಬಸ್ ನಿಲ್ಲಿಸದ ವಿಷಯಕ್ಕೆ ಸಾರಿಗೆ ಕಚೇರಿಗೆ ನಿಜವಾದ ಪತ್ರ ಬರೆಯಿಸಿ, ಕನ್ನಡದಲ್ಲೇ. ಕೇರಳದ 1969ರ ಆಡಳಿತ ಭಾಷಾ ಕಾನೂನು ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ, ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ಸ್ಥಳೀಯ ಸರಕಾರಿ ಕಚೇರಿಗಳೊಂದಿಗೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಅವಕಾಶವನ್ನು ಒದಗಿಸಿದೆ. ಪತ್ರದ ವಿಷಯವನ್ನು ಮಕ್ಕಳೇ ಆರಿಸಲಿ, ಮತ್ತು ಆರಿಸುವಾಗ ತರಗತಿಯಲ್ಲಿ ಎಂದೂ ಕೈ ಎತ್ತದವರಿಂದ ಕೇಳಲು ಆರಂಭಿಸಿ. ಉತ್ತರ ಬಂದರೆ ಅದನ್ನು ಓದುವುದು ಮುಂದಿನ ಪಾಠ. ಬಾರದಿದ್ದರೆ ಮಾಹಿತಿ ಹಕ್ಕು ಅರ್ಜಿ ಬರೆಯುವುದು ಹೇಗೆಂದು ಕಲಿಸಲು ಅದೇ ಒಳ್ಳೆಯ ಸಂದರ್ಭ.